ನಿಕ್ಕಲ್ ಒಗ್ಗದ ಚರ್ಮಕ್ಕೆ ಕನ್ನಡಕದ ಫ್ರೇಮು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಕರಾವಳಿಯ ಒಂದು ಸಣ್ಣ ಪಟ್ಟಣದ ಪ್ರೌಢಶಾಲೆಯಲ್ಲಿ ಪಾಠ ಮಾಡುವ, ನಲವತ್ತೈದರ ಆಸುಪಾಸಿನ ಶಿಕ್ಷಕಿಯೊಬ್ಬರದು. ಗುರುತು ಹತ್ತಬಾರದೆಂದು ಊರು, ಮನೆಯವರು ಮೊದಲಾದ ವಿವರಗಳನ್ನು ಬದಲಿಸಿದ್ದೇನೆ. ಕಣ್ಣಿನ ಪವರ್, ಫ್ರೇಮಿನ ಅಳತೆ, ಚರ್ಮದ ಲಕ್ಷಣ ಮತ್ತು ನಾವು ತೆಗೆದುಕೊಂಡ ನಿರ್ಧಾರಗಳ ಕ್ರಮವನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುವ ನಮ್ಮಂಥವರು ಪವರ್‌ಗೆ ಕೊಡುವ ಗಮನದ ಕಾಲುಭಾಗವನ್ನೂ ಫ್ರೇಮಿನ ವಸ್ತುವಿಗೆ ಕೊಡುವುದಿಲ್ಲ. ಅದನ್ನು ಅಂದಚಂದದ ಅಥವಾ ಬೆಲೆಯ ವಿಷಯವೆಂದು ಗ್ರಾಹಕರಿಗೇ ಬಿಟ್ಟುಬಿಡುತ್ತೇವೆ. ಹಾಗೆ ಬಿಡಲಾಗದ ಸಂದರ್ಭಗಳಿವೆ ಎಂಬುದಕ್ಕೆ ಈ ಪ್ರಕರಣ ಒಂದು ಉದಾಹರಣೆ.

ಅವರಿಗೆ ಎರಡೂ ಕಣ್ಣುಗಳಲ್ಲಿ ಮೈನಸ್ 6.50 ಪವರ್ ಇತ್ತು, ಓದಲು ಹೆಚ್ಚುವರಿ ಪವರ್ ಬೇಕಾಗಿತ್ತು, ಆದ್ದರಿಂದ ದೂರಕ್ಕೂ ಓದಿಗೂ ಒಂದೇ ಗ್ಲಾಸಿನಲ್ಲಿ ಪವರ್ ಮೇಲಿಂದ ಕೆಳಕ್ಕೆ ಹಂತಹಂತವಾಗಿ ಬದಲಾಗುವ ಪ್ರೊಗ್ರೆಸಿವ್ ಗ್ಲಾಸು ಹಾಕುತ್ತಿದ್ದರು. ಇಷ್ಟು ಪವರ್ ಇರುವವರು ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ದೀಪ ಆರಿಸುವವರೆಗೆ ಕನ್ನಡಕ ತೆಗೆಯುವಂತಿಲ್ಲ. ಹೀಗಾಗಿ ಫ್ರೇಮಿನ ಯಾವುದೇ ದೋಷ ಅವರ ಚರ್ಮದ ಮೇಲೆ ದಿನಕ್ಕೆ ಹದಿನೈದು ಹದಿನಾರು ಗಂಟೆ ಕೂತಿರುತ್ತದೆ. ಇದರ ಜೊತೆಗೆ ಕರಾವಳಿಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನಿನ ಅಡಿಯಲ್ಲಿ ಕೂತರೂ ಬೆವರು ನಿಲ್ಲುವುದಿಲ್ಲ, ಆ ಬೆವರಿನ ಉಪ್ಪು ಲೋಹವನ್ನು ಸುಮ್ಮನೆ ಬಿಡುವುದೂ ಇಲ್ಲ.

ಸಮಸ್ಯೆ

ಅವರು ಬಂದಾಗ ಮೂಗಿನ ಎರಡೂ ಬದಿಯಲ್ಲಿ ನೋಸ್ ಪ್ಯಾಡ್ ಕೂರುವ ಜಾಗ ಕಪ್ಪಾಗಿತ್ತು, ಅದರ ಅಂಚು ಕೆಂಪಗಿತ್ತು. ಕಿವಿಯ ಹಿಂದೆ, ಕಡ್ಡಿ ಬಾಗುವಲ್ಲಿ, ಚರ್ಮ ಒಡೆದು ನೀರು ಒಸರುತ್ತಿತ್ತು. ಬಲಗೆನ್ನೆಯ ಮೇಲೆ ಒಂದು ಸಣ್ಣ ಕಮಾನಿನಂಥ ಕೆಂಪು ಗೆರೆ ಇತ್ತು. ತಲೆಹೊಟ್ಟಿನಿಂದ ಆಗುವ ಚರ್ಮರೋಗವೆಂದು ತಿಳಿದು ಅವರು ಬಹಳ ಕಾಲ ಶಾಂಪೂ, ಮುಲಾಮು ಬಳಸಿದ್ದರು. ಆ ರೋಗವೂ ಮೂಗಿನ ಬದಿಗೆ, ಕಿವಿಯ ಹಿಂದಕ್ಕೆ ಬರುವುದರಿಂದ ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಸಾಮಾನ್ಯವಾಗಿ ಹುಬ್ಬಿಗೂ ಮೂಗಿನ ಹೊಳ್ಳೆಯ ಮಡಿಕೆಗೂ ಹಬ್ಬುತ್ತದೆ. ಇವರ ಹುಬ್ಬು, ಮಡಿಕೆಗಳು ಸ್ವಚ್ಛವಾಗಿದ್ದವು. ಕನ್ನಡಕ ಹಾಕಿಕೊಂಡು ಒಮ್ಮೆ ನಗುವಂತೆ ಕೇಳಿಕೊಂಡಾಗ ಬಲಗೆನ್ನೆ ಮೇಲೆದ್ದು ಫ್ರೇಮಿನ ಕೆಳ ಅಂಚಿಗೆ ತಾಗಿತು, ಕೆಂಪು ಗೆರೆ ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ.

ಫ್ರೇಮು ಚಿನ್ನದ ಬಣ್ಣದ ತೆಳುವಾದ ಲೋಹದ್ದು. ಕಡ್ಡಿಯ ತುದಿಗೆ ಹಾಕಿದ್ದ ಪ್ಲಾಸ್ಟಿಕ್ ಕವಚ ಸೀಳಿ ಒಳಗಿನ ಲೋಹ ಕಾಣುತ್ತಿತ್ತು. ನೋಸ್ ಪ್ಯಾಡನ್ನು ಹಿಡಿದಿರುವ ಸಣ್ಣ ತಂತಿಯ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಿಲುಬು ಕಂಡರೆ ತಾಮ್ರ ಇದೆ ಎಂದರ್ಥ, ಮತ್ತು ಅಗ್ಗದ ಲೋಹದ ಫ್ರೇಮುಗಳಲ್ಲಿ ತಾಮ್ರ ಇರುವಲ್ಲಿ ನಿಕ್ಕಲ್ ಕೂಡ ಇರುವುದೇ ಹೆಚ್ಚು. ಇಂಥ ಫ್ರೇಮುಗಳಿಗೆ ಹೆಚ್ಚಾಗಿ ಬಳಸುವ ಮೋನೆಲ್ ಎಂಬ ಮಿಶ್ರಲೋಹದಲ್ಲಿ ಸುಮಾರು ಮೂರನೇ ಎರಡು ಭಾಗ ನಿಕ್ಕಲ್, ಉಳಿದದ್ದು ಬಹುತೇಕ ತಾಮ್ರ. ಬಗ್ಗಿಸಲು ಸುಲಭ, ಬೆಸುಗೆ ಹಾಕಲು ಸುಲಭ, ಬಣ್ಣದ ಲೇಪ ಚೆನ್ನಾಗಿ ಹಿಡಿಯುತ್ತದೆ. ತಯಾರಕರಿಗೆ ಪ್ರಿಯವಾಗಲು ಇಷ್ಟು ಸಾಕು. ಲೇಪ ಇರುವವರೆಗೆ ಚರ್ಮಕ್ಕೂ ತೊಂದರೆ ಇರುವುದಿಲ್ಲ. ಲೇಪ ಸವೆದ ಮೇಲೆ ಬೆವರು ನಿಕ್ಕಲನ್ನು ಕರಗಿಸಿ ಚರ್ಮಕ್ಕೆ ತಲುಪಿಸುತ್ತದೆ.

ಓಲೆಯ ಬಗ್ಗೆ ಕೇಳಿದೆ. "ಬಂಗಾರದ್ದು ಬಿಟ್ಟರೆ ಬೇರೆ ಯಾವುದೂ ಆಗುವುದಿಲ್ಲ ಮಾರಾಯ್ರೆ, ರೋಲ್ಡ್‌ಗೋಲ್ಡ್ ಹಾಕಿದರೆ ಎರಡೇ ದಿನದಲ್ಲಿ ಕಿವಿ ಹಣ್ಣಾಗುತ್ತದೆ" ಎಂದರು. ನಿಕ್ಕಲ್ ಒಗ್ಗದಿರುವಿಕೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣುವುದಕ್ಕೆ ಕಿವಿ ಚುಚ್ಚಿಸಿಕೊಂಡು ಅಗ್ಗದ ಓಲೆ ಹಾಕುವುದು ಒಂದು ಮುಖ್ಯ ಕಾರಣ. ಒಮ್ಮೆ ದೇಹ ನಿಕ್ಕಲನ್ನು ಶತ್ರುವೆಂದು ಗುರುತಿಸಿತೆಂದರೆ ಆ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ನಮ್ಮಲ್ಲಿ ಡೈಮೀಥೈಲ್ ಗ್ಲೈಆಕ್ಸಿಮ್ ಪರೀಕ್ಷೆಯ ದ್ರಾವಣ ಇತ್ತು. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಲೋಹದ ಮೇಲೆ ಅರ್ಧ ನಿಮಿಷ ಉಜ್ಜಿದರೆ, ನಿಕ್ಕಲ್ ಬಿಡುಗಡೆಯಾಗುತ್ತಿದ್ದ ಪಕ್ಷದಲ್ಲಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೊರಗಿನ ಲೇಪ ಗಟ್ಟಿಯಾಗಿದ್ದ ಮುಂಭಾಗದಲ್ಲಿ ಬಣ್ಣ ಬರಲಿಲ್ಲ. ಕಡ್ಡಿಯ ತುದಿ, ಪ್ಯಾಡಿನ ತಂತಿ, ಕೆಳ ಅಂಚಿನ ಸವೆದ ಭಾಗ, ಈ ಮೂರೂ ಕಡೆ ಎದ್ದು ಕಾಣುವ ಗುಲಾಬಿ ಬಂತು. ಕೆಂಪಾಗಿದ್ದ ಚರ್ಮದ ನಕ್ಷೆಯೂ ಹತ್ತಿಯ ಬಣ್ಣದ ನಕ್ಷೆಯೂ ಒಂದೇ ಆದದ್ದನ್ನು ಶಿಕ್ಷಕಿ ತಾವೇ ಕಂಡರು. ಆದರೂ ರೋಗನಿರ್ಣಯ ಮಾಡುವುದು ನಮ್ಮ ಕೆಲಸವಲ್ಲ. ಚರ್ಮವೈದ್ಯರ ಬಳಿಗೆ ಕಳಿಸಿದೆವು. ಅವರು ಬೆನ್ನಿನ ಮೇಲೆ ಪ್ಯಾಚ್ ಪರೀಕ್ಷೆ (ಸಂಶಯದ ವಸ್ತುಗಳನ್ನು ಪಟ್ಟಿಯಲ್ಲಿ ಚರ್ಮಕ್ಕೆ ಅಂಟಿಸಿ ನೋಡುವುದು) ಮಾಡಿ, 48 ಮತ್ತು 96 ಗಂಟೆಗಳಲ್ಲಿ ನೋಡಿ, ನಿಕ್ಕಲ್ ಸಲ್ಫೇಟಿಗೆ ಸ್ಪಷ್ಟ ಪ್ರತಿಕ್ರಿಯೆ ಇದೆ ಎಂದು ಬರೆದುಕೊಟ್ಟರು. ಬೇರೆ ಯಾವ ವಸ್ತುವಿಗೂ ಪ್ರತಿಕ್ರಿಯೆ ಇರಲಿಲ್ಲ.

ಏನೇನು ಮಾಡಿ ನೋಡಿದೆವು

ಹೊಸ ಫ್ರೇಮಿಗೆ ಕೂಡಲೇ ಹಣ ಹಾಕಲು ಅವರಿಗೆ ಮನಸ್ಸಿರಲಿಲ್ಲ. ಗ್ಲಾಸು ಹಾಕಿಸಿ ಹೆಚ್ಚು ಕಾಲವಾಗಿರಲಿಲ್ಲ, ಪ್ರೊಗ್ರೆಸಿವ್ ಗ್ಲಾಸಿನ ಬೆಲೆಯೂ ಕಡಿಮೆಯಲ್ಲ. ಆದ್ದರಿಂದ ಮೊದಲು ಇದ್ದ ಫ್ರೇಮನ್ನೇ ಉಳಿಸಿಕೊಳ್ಳಲು ಯತ್ನಿಸಿದೆವು. ಸಿಲಿಕೋನ್ ಪ್ಯಾಡ್ ಹಾಕಿ, ಕಡ್ಡಿಗೆ ಹೊಸ ಕವಚ ತೊಡಿಸಿ, ತೆರೆದ ಲೋಹಕ್ಕೆ ಪಾರದರ್ಶಕ ನೇಲ್ ಪಾಲಿಶ್ ಬಳಿದೆವು. ಬಳಿದ ದಿನ ಹತ್ತಿಗೆ ಬಣ್ಣ ಬರಲಿಲ್ಲ. ಕೆಲವೇ ವಾರಗಳಲ್ಲಿ ಬೆವರಿಗೆ ಪಾಲಿಶ್ ಸಿಪ್ಪೆ ಎದ್ದು ಗುಲಾಬಿ ಮರಳಿತು, ತುರಿಕೆಯೂ ಮರಳಿತು. ತಂಪು ಹವೆಯ ಊರಿನಲ್ಲಿ ಇದು ಕೆಲವು ತಿಂಗಳಾದರೂ ನಡೆಯಬಹುದಾದ ಉಪಾಯ. ಕರಾವಳಿಯಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು.

ಆಮೇಲೆ ಟಿಆರ್-90 ಫ್ರೇಮಿಗೆ ಹೋದೆವು. ಇದು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ, ನೈಲಾನ್ ಕುಟುಂಬದ ಪ್ಲಾಸ್ಟಿಕ್. ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ, ಬಗ್ಗಿಸಿದರೆ ಮುರಿಯದೆ ಮೊದಲಿನ ಆಕಾರಕ್ಕೆ ಬರುತ್ತದೆ, ಚರ್ಮಕ್ಕೆ ತಾಗುವ ಕಡೆ ಲೋಹವೇ ಇಲ್ಲ. ಚರ್ಮದ ಮಟ್ಟಿಗೆ ಇದು ಪೂರ್ಣ ಯಶಸ್ಸು: ವೈದ್ಯರ ಮುಲಾಮಿನ ಜೊತೆಗೆ ಒಂದು ತಿಂಗಳೊಳಗೆ ಕಿವಿಯ ಹಿಂದಿನ ಗಾಯ ಮಾಯಿತು, ಕೆಂಪು ಇಳಿಯಿತು. ಇಲ್ಲಿಗೆ ಪ್ರಕರಣ ಮುಗಿಯಿತೆಂದು ಭಾವಿಸಬಹುದಾಗಿತ್ತು.

ಮುಗಿಯಲಿಲ್ಲ. "ಬೋರ್ಡಿನ ಮೇಲೆ ಬರೆಯುವಾಗ ಸರಿ, ಪುಸ್ತಕ ತಿದ್ದಲು ಬಗ್ಗಿದರೆ ಕನ್ನಡಕ ಮೂಗಿನ ತುದಿಗೆ ಬಂದು ಕೂತಿರುತ್ತದೆ" ಎಂದು ಅವರು ಮತ್ತೆ ಬಂದರು. ಅವರ ಮೂಗಿನ ಸೇತುವೆ ತಗ್ಗಾಗಿತ್ತು. ಟಿಆರ್-90 ಫ್ರೇಮಿನಲ್ಲಿ ಮೂಗಿನ ಭಾಗ ಅಚ್ಚಿನಲ್ಲೇ ಬಂದಿರುತ್ತದೆ, ಅಲ್ಲಿ ತಿರುಗಿಸಲು, ಹತ್ತಿರ ತರಲು ಪ್ಯಾಡಿನ ತಂತಿ ಇರುವುದಿಲ್ಲ. ಕಡ್ಡಿಯನ್ನು ಬಿಸಿಮಾಡಿ ಕಿವಿಗೆ ತಕ್ಕಂತೆ ಬಗ್ಗಿಸೋಣವೆಂದರೆ, ಮುರಿಯದೆ ಮೊದಲಿನ ಆಕಾರಕ್ಕೆ ಮರಳುವ ಅದೇ ಗುಣ ಇಲ್ಲಿ ತೊಡಕಾಗುತ್ತದೆ. ಇಂದು ಕೊಟ್ಟ ಬಾಗು ನಾಳೆ ಇರುವುದಿಲ್ಲ. ಅಂಟಿಸುವ ಸಿಲಿಕೋನ್ ಪ್ಯಾಡ್ ಹಾಕಿದೆವು, ಬೆವರಿಗೆ ಅದು ಜಾರಿತು.

ಕನ್ನಡಕ ಜಾರುವುದು ಬರಿಯ ಕಿರಿಕಿರಿಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮೈನಸ್ 6.50 ಪವರಿನ ಗ್ಲಾಸು ಕಣ್ಣಿನಿಂದ 5 ಮಿಲಿಮೀಟರ್ ದೂರ ಸರಿದರೆ ಕಣ್ಣಿಗೆ ಸಿಗುವ ಪವರ್ ಸುಮಾರು 0.20 ಡಯಾಪ್ಟರಿನಷ್ಟು (ಪವರ್ ಅಳೆಯುವ ಮಾನ ಇದು) ಕಡಿಮೆಯಾಗುತ್ತದೆ. ಪ್ರೊಗ್ರೆಸಿವ್ ಗ್ಲಾಸಿನಲ್ಲಿ ಓದುವ ಭಾಗ ಕೆಳಗಿರುತ್ತದೆ. ಫ್ರೇಮು ಇಳಿದಂತೆ ಅದೂ ಇಳಿದು, ಅಕ್ಷರ ಕಾಣಲು ಗಲ್ಲ ಮೇಲೆತ್ತಬೇಕಾಗುತ್ತದೆ. ಉತ್ತರಪತ್ರಿಕೆ ತಿದ್ದುವ ದಿನಗಳಲ್ಲಿ ಅವರಿಗೆ ಕುತ್ತಿಗೆ ನೋವು ಶುರುವಾದದ್ದು ಹೀಗೆ. ಅಂದರೆ ಚರ್ಮಕ್ಕೆ ಒಪ್ಪಿದ ವಸ್ತು ಕಣ್ಣಿಗೆ ಒಪ್ಪಲಿಲ್ಲ. ಗ್ಲಾಸಿನ ಪವರ್ ಎಷ್ಟೇ ಸರಿಯಿರಲಿ, ಅದನ್ನು ಸರಿಯಾದ ಜಾಗದಲ್ಲಿ ಹಿಡಿದಿಡಲಾಗದ ಫ್ರೇಮು ಆ ಸರಿತನವನ್ನು ಹಾಳುಮಾಡುತ್ತದೆ.

ತಿರುವು

ಈ ಹೊತ್ತಿಗೆ ಬೆಂಗಳೂರಿನಲ್ಲಿರುವ ಅವರ ಮಗ, ಅಮ್ಮನ ತೊಂದರೆ ಕೇಳಿ, ಟೈಟಾನಿಯಂ ಫ್ರೇಮೊಂದನ್ನು ತರಿಸಿ ಕಳಿಸಿದ. ಮಾರಿದವರು ಅಯಸ್ಕಾಂತ ಹಿಡಿದು ಅದು ಅಂಟದಿರುವುದನ್ನು ತೋರಿಸಿ ಅಪ್ಪಟ ಟೈಟಾನಿಯಂ ಎಂದು ನಂಬಿಸಿದ್ದರಂತೆ. ಕಡ್ಡಿಯ ಒಳಬದಿಯಲ್ಲಿ ಹಾಗೆಂದು ಅಚ್ಚೂ ಇತ್ತು. ಹೊಸ ಗ್ಲಾಸು ಹಾಕಿಸಿಕೊಂಡರು. ಎರಡು ವಾರಕ್ಕೆ ಮೂಗಿನ ಬದಿ ಮತ್ತೆ ಕೆಂಪಾಯಿತು, ಆದರೆ ಕಿವಿಯ ಹಿಂದೆ ಏನೂ ಆಗಲಿಲ್ಲ.

ಕಿವಿ ಸರಿ, ಮೂಗು ಸರಿಯಿಲ್ಲ ಎಂಬ ಈ ಅರ್ಧಂಬರ್ಧ ಪ್ರತಿಕ್ರಿಯೆಯೇ ಇಡೀ ಪ್ರಕರಣಕ್ಕೆ ಬೆಳಕು ಕೊಟ್ಟದ್ದು. ಹತ್ತಿ ಉಜ್ಜಿ ನೋಡಿದಾಗ ಕಡ್ಡಿಯಲ್ಲಿ ಬಣ್ಣ ಬರಲಿಲ್ಲ. ಪ್ಯಾಡಿನ ತಂತಿ ಮತ್ತು ಕೀಲಿನ ಬಳಿ ಗುಲಾಬಿ ಬಂತು. ಕಡ್ಡಿ ಟೈಟಾನಿಯಮ್ಮಿನದೇ ಇರಬಹುದು. ಅಚ್ಚು ಸುಳ್ಳೆಂದು ಹೇಳುವಂತಿಲ್ಲ. ಆದರೆ ಫ್ರೇಮು ಒಂದೇ ವಸ್ತುವಿನದಲ್ಲ. ಅಂಚು, ಸೇತುವೆ, ಪ್ಯಾಡಿನ ತಂತಿ, ಕೀಲು, ತಿರುಪು, ಕಡ್ಡಿ, ಕಡ್ಡಿಯ ತುದಿ, ಇವೆಲ್ಲ ಬೇರೆ ಬೇರೆ ಲೋಹದಲ್ಲಿ ಬಂದು ಒಂದೆಡೆ ಬೆಸೆದಿರುತ್ತವೆ. ಅಚ್ಚು ಬೀಳುವುದು ದುಬಾರಿ ಭಾಗದ ಹೆಸರಿಗೆ, ಚರ್ಮಕ್ಕೆ ತಾಗುವುದು ಅಗ್ಗದ ಭಾಗವಾಗಿರಬಹುದು.

ಅಯಸ್ಕಾಂತದ ಪರೀಕ್ಷೆಯನ್ನೂ ನಂಬಬಾರದು. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ನಿಜ. ಆದರೆ ಫ್ರೇಮಿಗೆ ಬಳಸುವ ಹೆಚ್ಚಿನ ಸ್ಟೇನ್‌ಲೆಸ್ ಸ್ಟೀಲೂ ಅಂಟುವುದಿಲ್ಲ, ತಾಮ್ರ ನಿಕ್ಕಲ್ ಸತು ಸೇರಿದ ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ. ಇನ್ನೂ ಒಂದು ಅಪಾಯವಿದೆ: ಹೇಗೆ ತಿರುಚಿದರೂ ನೆಟ್ಟಗಾಗುವ ‘ಮೆಮೊರಿ’ ಫ್ರೇಮುಗಳನ್ನು ಟೈಟಾನಿಯಂ ಎಂದೇ ಮಾರುತ್ತಾರೆ. ಅದು ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ಮಿಶ್ರಲೋಹ, ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕ್ಕಲ್. ನಿಕ್ಕಲ್ ಒಗ್ಗದವರು ಹೆಸರು ನಂಬಿ ಅದನ್ನು ಕೊಂಡರೆ, ಲೇಪ ಸವೆದ ದಿನ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲಬಹುದು.

ಆಯ್ಕೆಯ ಚರ್ಚೆ

ನಮ್ಮ ಮುಂದೆ ಉಳಿದದ್ದು ಮೂರು ದಾರಿ: ಅಸಿಟೇಟ್, ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಎಲ್ಲ ಭಾಗವೂ ಟೈಟಾನಿಯಂ ಆಗಿರುವ ಫ್ರೇಮು.

ನನ್ನ ಸಹೋದ್ಯೋಗಿಯ ಒಲವು ಅಸಿಟೇಟಿನ ಕಡೆಗಿತ್ತು, ಅವರ ವಾದದಲ್ಲಿ ತೂಕವೂ ಇತ್ತು. ಹತ್ತಿಯ ನಾರು ಅಥವಾ ಮರದ ತಿರುಳಿನ ಸೆಲ್ಯುಲೋಸಿನಿಂದ ಮಾಡುವ ಈ ವಸ್ತು ಚರ್ಮಕ್ಕೆ ಹೆಚ್ಚಿನವರಲ್ಲಿ ತೊಂದರೆ ಕೊಡುವುದಿಲ್ಲ, ಬಿಸಿ ಗಾಳಿ ತಾಗಿಸಿದರೆ ಮೆತ್ತಗಾಗಿ ಕೊಟ್ಟ ಬಾಗನ್ನು ಹಿಡಿದುಕೊಳ್ಳುತ್ತದೆ, ತಗ್ಗಾದ ಮೂಗಿಗೆ ಎತ್ತರದ ಪ್ಯಾಡನ್ನು ಅದಕ್ಕೆ ಅಂಟಿಸಿ ನಯಗೊಳಿಸಲೂ ಬರುತ್ತದೆ. ದಪ್ಪ ಅಂಚು ಮೈನಸ್ ಗ್ಲಾಸಿನ ದಪ್ಪವನ್ನು ಮರೆಮಾಡುತ್ತದೆ. ನನ್ನ ಆಕ್ಷೇಪ ಎರಡು. ಶಿಕ್ಷಕಿ ದಿನವೂ ತಲೆಗೆ ತೆಂಗಿನೆಣ್ಣೆ ಹಚ್ಚುವವರು; ಎಣ್ಣೆ, ಬೆವರು ಸೇರಿದಲ್ಲಿ ಅಸಿಟೇಟಿನ ಕಡ್ಡಿ ಬೇಗ ಹೊಳಪು ಕಳೆದುಕೊಂಡು ಬೆಳ್ಳಗಾಗುತ್ತದೆ, ಕಾಲಕ್ರಮೇಣ ಒಣಗಿ ಗಡುಸಾಗುತ್ತದೆ. ಎರಡನೆಯದು ತೂಕ. ನಾವು ತಕ್ಕಡಿಯಲ್ಲಿಟ್ಟ ಅಸಿಟೇಟ್ ಫ್ರೇಮು ಗ್ಲಾಸಿಲ್ಲದೆಯೇ 26 ಗ್ರಾಂ ತೂಗಿತು, ಟೈಟಾನಿಯಂ ಫ್ರೇಮು 13 ಗ್ರಾಂ. ಬೆವರುವ ಮೂಗಿನ ಮೇಲೆ ತೂಕವೂ ಜಾರುವಿಕೆಗೆ ಒಂದು ಕಾರಣ.

ಸ್ಟೀಲಿನ ಬಗ್ಗೆ ವೈದ್ಯರನ್ನೇ ಕೇಳಿದೆವು. 316ಎಲ್ ದರ್ಜೆಯ ಸ್ಟೀಲಿನಲ್ಲಿ ಶೇ. 10ಕ್ಕೂ ಹೆಚ್ಚು ನಿಕ್ಕಲ್ ಇದ್ದರೂ, ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಪದರ ತಾನಾಗಿ ಬೆಳೆಯುವುದರಿಂದ ಹೊರಬರುವ ನಿಕ್ಕಲ್ ಬಹಳ ಕಡಿಮೆ. ನಿಕ್ಕಲ್ ಒಗ್ಗದ ಬಹಳ ಮಂದಿ ಅದನ್ನು ತಾಳಿಕೊಳ್ಳುತ್ತಾರೆ. ಒಳಗೆ ಎಷ್ಟು ನಿಕ್ಕಲ್ ಇದೆ ಎನ್ನುವುದಕ್ಕಿಂತ ಹೊರಗೆ ಎಷ್ಟು ಬರುತ್ತದೆ ಎನ್ನುವುದು ಮುಖ್ಯ. 1994ರಲ್ಲಿ ಯುರೋಪ್ ಒಕ್ಕೂಟ ತಂದ ನಿಯಮವೂ ಇದನ್ನೇ ಅಳೆಯುತ್ತದೆ: ಚರ್ಮಕ್ಕೆ ಬಹುಕಾಲ ತಾಗುವ ವಸ್ತುವಿನಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಕೂಡದು. ಹೀಗಾಗಿ ಸ್ಟೀಲನ್ನು ತಳ್ಳಿಹಾಕಲು ವಸ್ತುವಿನ ದೃಷ್ಟಿಯಿಂದ ಬಲವಾದ ಕಾರಣ ಇರಲಿಲ್ಲ. ತಳ್ಳಿಹಾಕಿದ್ದು ಬೇರೆ ಕಾರಣಕ್ಕೆ: ನಮ್ಮ ಕೈಗೆ ಸಿಕ್ಕ ಸ್ಟೀಲ್ ಫ್ರೇಮುಗಳ ಪೈಕಿ ಒಂದಕ್ಕೂ ಪ್ಯಾಡಿನ ತಂತಿ ಮತ್ತು ಬೆಸುಗೆಯ ಲೋಹ ಯಾವುದೆಂದು ಪೂರೈಕೆದಾರರು ಬರೆದುಕೊಡಲು ಸಿದ್ಧರಿರಲಿಲ್ಲ.

ಟೈಟಾನಿಯಂ ಫ್ರೇಮಿನ ಪೂರೈಕೆದಾರರು ಭಾಗ ಭಾಗಕ್ಕೂ ಬರೆದುಕೊಟ್ಟರು. ಮುಂಭಾಗ ಮತ್ತು ಪ್ಯಾಡಿನ ತಂತಿ ಶುದ್ಧ ಟೈಟಾನಿಯಂ, ಕಡ್ಡಿ ಸ್ಪ್ರಿಂಗಿನ ಗುಣವಿರುವ ಬೀಟಾ ಟೈಟಾನಿಯಂ, ತಿರುಪು ಮಾತ್ರ ಸ್ಟೀಲು. ಟೈಟಾನಿಯಮ್ಮಿನ ಸಾಂದ್ರತೆ 4.5, ಮೋನೆಲ್‌ದು 8.8, ಅಷ್ಟೇ ಗಾತ್ರಕ್ಕೆ ಹೆಚ್ಚುಕಡಿಮೆ ಅರ್ಧ ತೂಕ. ಬೆವರಿನ ಉಪ್ಪಿಗೆ ಅದು ಜಗ್ಗುವುದಿಲ್ಲ. ಬೆಲೆ ಮಾತ್ರ ಮೊದಲ ಫ್ರೇಮಿನ ಮೂರು ಪಟ್ಟಿಗೂ ಮೇಲಿತ್ತು. ಬರವಣಿಗೆಯಲ್ಲಿ ಕೊಟ್ಟದ್ದನ್ನೂ ಹಾಗೇ ಒಪ್ಪಿಕೊಳ್ಳದೆ, ಗ್ಲಾಸು ಕತ್ತರಿಸುವ ಮೊದಲು ಶಿಕ್ಷಕಿಯ ಎದುರಿಗೇ ಒಂದೊಂದು ಭಾಗಕ್ಕೂ ಹೊಸ ಹತ್ತಿ ಬಳಸಿ ಉಜ್ಜಿದೆವು. ಎಲ್ಲ ಹತ್ತಿಯೂ ಬಿಳಿಯಾಗಿಯೇ ಉಳಿಯಿತು.

ವಸ್ತುವಿನಷ್ಟೇ ಮುಖ್ಯವಾದ ಇನ್ನೊಂದು ನಿರ್ಧಾರ ಗಾತ್ರದ್ದು. ಹಳೆಯ ಫ್ರೇಮಿನ ಗಾಜಿನ ಅಗಲ 54, ಸೇತುವೆ 16. ಹೊಸದು 47 ಮತ್ತು 20. ಅವರ ಎರಡು ಪಾಪೆಗಳ ನಡುವಿನ ಅಂತರ 62 ಮಿಲಿಮೀಟರ್. ಹಳೆಯದರಲ್ಲಿ ಗ್ಲಾಸಿನ ಕೇಂದ್ರವನ್ನು ಪ್ರತಿ ಕಣ್ಣಿಗೂ 4 ಮಿಲಿಮೀಟರ್ ಒಳಕ್ಕೆ ಸರಿಸಬೇಕಿತ್ತು, ಹೊಸದರಲ್ಲಿ 2.5 ಸಾಕು. ಹಳೆಯ ಫ್ರೇಮಿನಲ್ಲಿ 1.60 ವಕ್ರೀಭವನಾಂಕದ (ಈ ಅಂಕ ಹೆಚ್ಚಿದಷ್ಟೂ ಅದೇ ಪವರಿಗೆ ಗ್ಲಾಸು ತೆಳುವಾಗುತ್ತದೆ) ಗ್ಲಾಸಿನ ಹೊರ ಅಂಚು ಸುಮಾರು 6.5 ಮಿಲಿಮೀಟರ್ ದಪ್ಪ ಇತ್ತು. ಅದೇ ಗಾತ್ರದಲ್ಲಿ 1.67ರ ದುಬಾರಿ ಗ್ಲಾಸು ಹಾಕಿದ್ದರೂ ಅದು 6ರ ಹತ್ತಿರವೇ ಉಳಿಯುತ್ತಿತ್ತು. ಫ್ರೇಮನ್ನು ಚಿಕ್ಕದು ಮಾಡಿದ ಮೇಲೆ 4.5ಕ್ಕೆ ಇಳಿಯಿತು. ಹಗುರವಾದ ಫ್ರೇಮಿಗೆ ಹಣ ಕೊಟ್ಟು ಅದರಲ್ಲಿ ಅಗಲವಾದ, ಭಾರವಾದ ಗ್ಲಾಸು ಕೂರಿಸುವವರನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಫ್ರೇಮಿನಲ್ಲಿ ಉಳಿಸಿದ ಗ್ರಾಮುಗಳನ್ನು ಗ್ಲಾಸು ಮರಳಿ ತಂದುಬಿಡುತ್ತದೆ.

ಫಲಿತಾಂಶ

ಕೂರಿಸುವ ಕೆಲಸಕ್ಕೆ ತಾಳ್ಮೆ ಬೇಕಾಯಿತು. ಬೀಟಾ ಟೈಟಾನಿಯಂ ಪುಟಿದು ಹಿಂದಕ್ಕೆ ಬರುವುದರಿಂದ ಕಡ್ಡಿಯನ್ನು ಬೇಕಾದುದಕ್ಕಿಂತ ತುಸು ಹೆಚ್ಚೇ ಬಗ್ಗಿಸಬೇಕು. ಪ್ಯಾಡುಗಳನ್ನು ಮೂಗಿನ ಇಳಿಜಾರಿಗೆ ಪೂರ್ತಿಯಾಗಿ ಮೈ ತಾಗುವಂತೆ ತಿರುಗಿಸಿದೆವು. ಅಂಚು ಮಾತ್ರ ತಾಗಿದರೆ ಭಾರವೆಲ್ಲ ಒಂದು ಗೆರೆಯ ಮೇಲೆ ಬಿದ್ದು, ನಿಕ್ಕಲ್ ಇಲ್ಲದಿದ್ದರೂ ಕಲೆ ಬೀಳುತ್ತದೆ. ತಲೆ ಬಗ್ಗಿಸಿ, ಅಲುಗಾಡಿಸಿ ನೋಡಿದಾಗ ಕನ್ನಡಕ ಕೂತಲ್ಲೇ ಕೂತಿತ್ತು.

ಮುಂದಿನ ಬೇಸಿಗೆಯನ್ನು ಕಾಯ್ದೆವು, ನಿಜವಾದ ಪರೀಕ್ಷೆ ಅದೇ ಆದ್ದರಿಂದ. ಮೇ ತಿಂಗಳು ಕಳೆದರೂ ಕೆಂಪು ಮರಳಲಿಲ್ಲ, ಕುತ್ತಿಗೆ ನೋವು ನಿಂತಿತ್ತು. ಮೂಗಿನ ಕಪ್ಪು ಕಲೆ ತುಂಬ ನಿಧಾನವಾಗಿ ತಿಳಿಯಾಯಿತು. ಇದನ್ನು ಮೊದಲೇ ಹೇಳಿಟ್ಟಿರಬೇಕು, ಇಲ್ಲದಿದ್ದರೆ ಫ್ರೇಮು ಬದಲಿಸಿದರೂ ಗುಣವಾಗಲಿಲ್ಲವೆಂದು ಜನ ಧೈರ್ಯಗೆಡುತ್ತಾರೆ. ಮಳೆಗಾಲದಲ್ಲಿ ಒಂದು ಕಡ್ಡಿಯ ತುದಿಯ ಕವಚ ಸೀಳಿ ಬರಿಯ ಲೋಹ ಕಿವಿಯ ಹಿಂದೆ ತಾಗುತ್ತಿದ್ದುದು ಅವರ ಗಮನಕ್ಕೇ ಬಂದಿರಲಿಲ್ಲ. ಹಳೆಯ ಫ್ರೇಮಿನಲ್ಲಿ ಇದೇ ಸ್ಥಿತಿ ಗಾಯ ಮಾಡಿತ್ತು, ಇಲ್ಲಿ ಚರ್ಮ ಸ್ವಚ್ಛವಾಗಿತ್ತು. ವಸ್ತುವಿನ ಆಯ್ಕೆ ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆಯನ್ನು ನಾವು ಯೋಜಿಸಿ ಪಡೆಯಲು ಸಾಧ್ಯವಿರಲಿಲ್ಲ.

ಈ ಪ್ರಕರಣದ ಬಳಿಕ ನಮ್ಮ ಅಂಗಡಿಯ ರೂಢಿ ಬದಲಾಗಿದೆ. ಫ್ರೇಮು ತೋರಿಸುವ ಮೊದಲೇ ಓಲೆ, ಗಡಿಯಾರದ ಪಟ್ಟಿ, ಬೆಲ್ಟಿನ ಬಕಲ್ ಒಗ್ಗುತ್ತವೆಯೇ ಎಂದು ಕೇಳುತ್ತೇವೆ. ತಲೆಗೆ ಎಣ್ಣೆ ಹಚ್ಚುವುದು, ಬಿಸಿಲಲ್ಲಿ ದುಡಿಯುವುದು, ಬಗ್ಗಿ ಮಾಡುವ ಕೆಲಸ, ಇವನ್ನೂ ಕೇಳುತ್ತೇವೆ. ‘ಯಾವ ವಸ್ತು ಒಳ್ಳೆಯದು’ ಎಂಬ ಪ್ರಶ್ನೆಗೆ ಈಗ ನಾನು ನೇರ ಉತ್ತರ ಕೊಡುವುದಿಲ್ಲ. ಯಾವ ಭಾಗ ಚರ್ಮದ ಯಾವ ಜಾಗಕ್ಕೆ ತಾಗುತ್ತದೆ, ಅದನ್ನು ನಿಮ್ಮ ಮುಖಕ್ಕೆ ತಕ್ಕಂತೆ ಬಗ್ಗಿಸಲು ಬರುತ್ತದೆಯೇ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂದು ಒಟ್ಟಿಗೆ ಕೂತು ನೋಡುತ್ತೇವೆ. ಎಲ್ಲರಿಗೂ ಟೈಟಾನಿಯಂ ಬೇಕೆಂದು ಇದರ ಅರ್ಥವಲ್ಲ. ನಿಕ್ಕಲ್ ಒಗ್ಗುವ, ಸಣ್ಣ ಪವರಿನ, ಮೂಗು ಎತ್ತರವಿರುವ ಒಬ್ಬರಿಗೆ ಟಿಆರ್-90 ಕಡಿಮೆ ಬೆಲೆಗೆ ಬಹಳ ಒಳ್ಳೆಯ ಆಯ್ಕೆ.

ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬ ಪ್ರಶ್ನೆ ಎರಡನೆಯ ವರ್ಷ ನಮ್ಮೆದುರೇ ಬಂದು ನಿಂತಿತು. ಎಡಗಡೆಯ ಪ್ಯಾಡಿನ ತಂತಿ ಬುಡದಲ್ಲಿ ಮುರಿಯಿತು. ಮೋನೆಲ್ ಆಗಿದ್ದರೆ ಪೇಟೆಯಲ್ಲೇ ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿಸಬಹುದಾಗಿತ್ತು. ಟೈಟಾನಿಯಂ ಬಿಸಿಯಾದಾಗ ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುವುದರಿಂದ ಅದಕ್ಕೆ ಆರ್ಗಾನಿನಂಥ ಅನಿಲದ ರಕ್ಷಣೆಯಲ್ಲಿ ಬೆಸುಗೆ ಆಗಬೇಕು, ಆ ವ್ಯವಸ್ಥೆ ನಮ್ಮ ಊರಿನಲ್ಲಿಲ್ಲ. ಫ್ರೇಮನ್ನು ಪೂರೈಕೆದಾರರ ಮೂಲಕ ದೂರದ ಊರಿಗೆ ಕಳಿಸಿ ಲೇಸರ್ ಬೆಸುಗೆ ಹಾಕಿಸಿ ತರಿಸಲು ವಾರಗಳೇ ಹಿಡಿದವು. ಅಷ್ಟು ದಿನ ಶಿಕ್ಷಕಿ ಟಿಆರ್-90 ಫ್ರೇಮನ್ನೇ ಹಾಕಿಕೊಂಡು, ಕಡ್ಡಿಗಳಿಗೆ ಹಿಂದಿನಿಂದ ದಾರ ಕಟ್ಟಿಕೊಂಡು ಪಾಠ ಮಾಡಿದರು. ಈಗ ಅದರಲ್ಲಿ ಪ್ರೊಗ್ರೆಸಿವ್ ತೆಗೆದು ದೂರದೃಷ್ಟಿಯ ಸಾದಾ ಗ್ಲಾಸು ಹಾಕಿಸಿದ್ದಾರೆ, ಮತ್ತು ಪ್ಯಾಡಿನ ತಂತಿಯನ್ನು ತಾವಾಗಿ ಬಗ್ಗಿಸದೆ ಆರು ತಿಂಗಳಿಗೊಮ್ಮೆ ಅಂಗಡಿಗೇ ತಂದು ಸರಿಮಾಡಿಸಿಕೊಳ್ಳುತ್ತಾರೆ.